ವರ್ಷಕ್ಕೊಮ್ಮೆ ವಿಧವೆ

ನಮ್ಮ ಮನೆಯಲ್ಲಿ ಮೊದಲು ಸಾಫ್ಟ್‌ವೇರ್ ಕಂಪನಿ ಸೇರಿದವಳು ನಾನು. ಅದೊಂದೇ ಕಾರಣಕ್ಕೆ ಕಾಯಿದೆ ಕಾನೂನಿನಲ್ಲೂ ನನ್ನದೇ ಕೊನೆಯ ಮಾತು. ಅವ್ವನ ತಂಗಿ, ನಮ್ಮ ಮೌಶಿ, ನಡುವಯಸ್ಸಿನಲ್ಲಿ ಇನ್ನೊಂದು ಮದುವೆಯಾದಾಗ ಅವಳಿಗೆ ಬುದ್ಧಿ ಹೇಳಿದವಳೂ ನಾನೇ.

ಮೌಶಿಯ ಮೊದಲ ಗಂಡ ಸರಕಾರಿ ನೌಕರರು. ಅವರು ತೀರಿಕೊಂಡ ಮೇಲೆ ಅವಳಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಮರುಮದುವೆಯಾದರೆ ಅದು ನಿಲ್ಲುತ್ತದೆ. ಅವಳ ಎರಡನೇ ಗಂಡ, ನಮ್ಮ ಹೊಸ ಕಾಕಾ, ಬಾಲಾನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರದ ಕೆಲಸಗಾರರು, ಪಗಾರ ಅಷ್ಟಕ್ಕಷ್ಟೇ. ಮನೆಯಲ್ಲೇ ತಾಳಿ ಕಟ್ಟಿ, ಶಿರಾ ತಿಂದು ಮದುವೆ ಮುಗಿಸಿದ್ದರು. ಪಿಂಚಣಿ ಕಚೇರಿಗೆ ತಿಳಿಸಿ ಬರುತ್ತೇನೆಂದು ಮೌಶಿ ಹೊರಟಾಗ ನಾನೇ ತಡೆದೆ.

"ಬರೋ ರೊಕ್ಕ ಯಾಕ ಬಿಡತಿ ಮೌಶಿ? ಯಾರ ಬಂದು ನೋಡತಾರ?"

ಬದುಕಿದ್ದೇನೆ, ಮರುಮದುವೆಯಾಗಿಲ್ಲ ಎಂದು ಪ್ರತಿ ನವೆಂಬರಿನಲ್ಲಿ ಕಚೇರಿಗೆ ಹೋಗಿ ಸಹಿ ಹಾಕಬೇಕಿತ್ತು. ನಾನು ಅರ್ಧ ದಿನ ರಜೆ ಹಾಕಿ ಕರೆದೊಯ್ಯುತ್ತಿದ್ದೆ. ಕೋಠಿಯಲ್ಲಿ ಬಸ್ಸಿಳಿದು, ಪುಸ್ತಕದಂಗಡಿಯೊಂದರ ಪಕ್ಕ ನಿಂತು ಮೌಶಿ ತಾಳಿ ಬಿಚ್ಚಿ ನನ್ನ ಕೈಗಿಡುವಳು. ಆಮೇಲೆ ಬಗ್ಗಿ ಕಾಲುಂಗುರ. ಕುಂಕುಮ ಒರೆಸಿಕೊಳ್ಳುವಾಗ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದಳು. ನಾನು ಎಲ್ಲವನ್ನೂ ಕಂಪನಿ ಕೊಟ್ಟ ಬ್ಯಾಗಿಗೆ ತುರುಕಿ, "ಲಗೂ ನಡಿ, ಲೈನ್ ಬೆಳಿಯಾಕತ್ತೈತಿ" ಅನ್ನುತ್ತಿದ್ದೆ. ಇಂಥವಳು ನಾನು.

ಕೆಲವು ವರ್ಷ ಹೀಗೇ ನಡೆಯಿತು. ಒಂದು ನವೆಂಬರಿನಲ್ಲಿ ಮೌಶಿ ಏನನ್ನೂ ಬಿಚ್ಚಲಿಲ್ಲ. ನಾನು ಕೈ ಚಾಚಿದರೆ ನನ್ನನ್ನು ದಾಟಿ ನಡೆದೇಬಿಟ್ಟಳು. ತನಗೆ ಮರುಮದುವೆಯಾಗಿ ವರ್ಷಗಳಾದವೆಂದು ಕೌಂಟರಿನಲ್ಲಿ ತೆಲುಗಿನಲ್ಲಿ ಗಟ್ಟಿಯಾಗಿ ಹೇಳಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನಾಚಿಕೆಯಿಂದ ಕುಗ್ಗಿಹೋದೆ, ಹೊರಗೆ ಬಂದು ಅವಳ ಮೇಲೆಯೇ ರೇಗಿದೆ.

"ಮೊನ್ನೆ ನಿಮ್ಮ ಕಾಕಾಗ ಎದಿನೋವು ಬಂದಿತ್ತಲ್ಲ, ದವಾಖಾನಿಯೊಳಗ ಕುಂತಾಗ ಇದ ನೆನಪಾತು" ಎಂದಳು ಮೌಶಿ. "ವರ್ಷಾ ವರ್ಷಾ ಇಲ್ಲಿ ಬಂದು ನಾನ ಅವರನ್ನ ಸಾಯಿಸಿ ಹೋಗಾಕತ್ತೀನಿ ಅನಿಸ್ತು. ಇನ್ನ ನನ್ನ ಕಡಿಂದ ಆಗೂದಿಲ್ಲ."

ಸ್ವಲ್ಪ ದಿನಕ್ಕೆ ವಸೂಲಿ ನೋಟೀಸು ಬಂತು. ಮದುವೆಯಾದಂದಿನಿಂದ ಪಡೆದದ್ದನ್ನೆಲ್ಲ ಬಡ್ಡಿಸಮೇತ ಕಟ್ಟಬೇಕು. ಅಷ್ಟರಲ್ಲಿ ನನ್ನ ಸಂಬಳ ದುಪ್ಪಟ್ಟಾಗಿತ್ತು, ಉಪ್ಪಲ್‌ನಲ್ಲಿ ಫ್ಲ್ಯಾಟಿಗೆ ಮುಂಗಡವನ್ನೂ ಕೊಟ್ಟಿದ್ದೆ. ಸುದ್ದಿ ತಿಳಿದು ಬಾಲಾನಗರಕ್ಕೆ ಓಡಿದೆ. ಕಂತು ಕಟ್ಟಲೆಂದು ಕಾಕಾ, ಆ ಎದೆನೋವಿನ ಮನುಷ್ಯ, ಕಾರ್ಖಾನೆಯಲ್ಲಿ ಓವರ್‌ಟೈಮ್ ಮಾಡುತ್ತೇನೆಂದು ಒಪ್ಪಿ ಬಂದಿದ್ದರು. ನನಗೆ ತಡೆಯಲಾಗಲಿಲ್ಲ.

"ಎಲ್ಲಾ ನಾ ಕಟ್ಟತೀನ್ರಿ ಕಾಕಾ. ಅದೇನ ದೊಡ್ಡ ರೊಕ್ಕ ಅಲ್ಲ. ಮೌಶಿ ಪಿಂಚಣಿ ಅಂದ್ರ, ತಿಂಗಳಾ ನಾ ಹೋಟೆಲಿಗೆ ಸುರಿಯೂವಷ್ಟ."

ಸಮಾಧಾನಕ್ಕೆಂದು ಆಡಿದ ಮಾತು. ಕಾಕಾ ಸಿಟ್ಟಾಗಲಿಲ್ಲ. ಮೆತ್ತಗೆ ಕೇಳಿದರು.

"ಅಷ್ಟ ಆಗಿದ್ರ, ಅವತ್ತ ಆಕಿ ಪಿಂಚಣಿ ಬಿಡಾಕ ಹೊಂಟಾಗ ನೀನ ಕೊಡಬಹುದಿತ್ತಲ್ಲ ತಂಗಿ?"

ಮೌಶಿ ಚಹಾದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅವಳೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.