ಮುಟ್ಟಿದರೆ ಕೂಗುವ ಬೆಲ್

ಹೋದ ವಾರ ಬಿಟಿಎಂ ಲೇಔಟಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೋಲ್ಡರ್ ಕರಗುವ ವಾಸನೆ ಮೂಗಿಗೆ ಬಡಿಯಿತು. ಬನಶಂಕರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿಯ ಅಡುಗೆಮನೆ ನೆನಪಾಯಿತು. ಅಲ್ಲಿ ಈ ವಾಸನೆ ಒಗ್ಗರಣೆಯ ಜೊತೆ ಬೆರೆತಿರುತ್ತಿತ್ತು. ಹಾಗೆಂದು ಈಗ ಅನ್ನಿಸುತ್ತದೆ...

ಅವರು ಕೆಳಗೆ, ನಾವು ಮೇಲೆ. ನಾನಾಗ ಎಂ.ಎ. ಓದುತ್ತಿದ್ದೆ. ಆಂಟಿಯ ಗಂಡನಿಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ಎಡಗೈಯ ಬೆರಳುಗಳಲ್ಲಷ್ಟೇ ತುಸು ಚಲನೆ ಉಳಿದಿತ್ತು. ಕಾಲಿಂಗ್ ಬೆಲ್ಲಿನ ಗುಂಡಿ ಒತ್ತುವ ಬಲ ಅವಕ್ಕಿರಲಿಲ್ಲ. ಒಮ್ಮೆ ಎಂಜಲು ಗಂಟಲಿಗೆ ಸಿಕ್ಕಿ ಅಂಕಲ್ ಮುಖ ನೀಲಿಯಾಗಿದ್ದಾಗ ಆಂಟಿ ಅಕಸ್ಮಾತ್ ಕೋಣೆಗೆ ಹೋಗಿದ್ದರಿಂದ ಜೀವ ಉಳಿಯಿತು. ಮತ್ತೆ ಹಾಗಾದರೆ ಅವರು ತನ್ನನ್ನು ಹೇಗೆ ಕರೆಯುತ್ತಾರೆ ಎಂಬ ಭಯ ಆಮೇಲೆ ಆಂಟಿಯನ್ನು ಬಿಡಲಿಲ್ಲ.

ಬೆಲ್ಲು, ಅಲಾರಂಗಳನ್ನು ಮನೆಯಲ್ಲೇ ಮಾಡುವ ಬಗೆ ತಿಳಿಸುವ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನು ಇಂಟರ್ನೆಟ್ಟಿನಲ್ಲಿ ಓದಬಹುದೆಂದು ಯಾರೋ ಅವರಿಗೆ ಹೇಳಿದರು. ನಾನೇ ಹೇಳಿರಬಹುದು, ಖಚಿತವಿಲ್ಲ. ಆಂಟಿ ಮಧ್ಯಾಹ್ನ ನನ್ನಮ್ಮನನ್ನು ಅಂಕಲ್ ಹತ್ತಿರ ಕೂರಿಸಿ, ರಸ್ತೆ ಕೊನೆಯ ಸೈಬರ್ ಸೆಂಟರ್‌ಗೆ ಹೋಗಿ, ಸರ್ಕ್ಯೂಟಿನ ಪ್ರಿಂಟ್ ತೆಗೆಸಿಕೊಂಡು ಬರುತ್ತಿದ್ದರು. ಅಡುಗೆಮನೆಯ ಕಟ್ಟೆಯ ಮೇಲೇ ಬಿಡಿಭಾಗಗಳಿಗೆ ಸೋಲ್ಡರ್ ಬೆಸುಗೆ ಹಾಕಿ ಅವರು ಮೊದಲು ಮಾಡಿದ್ದು ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ. ಅದು ಟ್ಯಾಂಕ್ ಖಾಲಿಯಿದ್ದಾಗಲೂ ಕೂಗಿ ಬೀದಿಯವರನ್ನೆಲ್ಲ ನಗಿಸಿತು.

"ಅಡುಗೆ ರೆಸಿಪಿ ಥರಾನೇ ಕಣೆ ಇದು," ಎನ್ನುತ್ತಿದ್ದರು ಆಂಟಿ. "ಏನೇನು ಸಾಮಾನು, ಎಷ್ಟೆಷ್ಟು, ಎಲ್ಲಾ ಕೊಟ್ಟಿರ್ತಾರೆ. ಯಾಕೆ ಅಂತ ಮಾತ್ರ ಹೇಳಲ್ಲ."

ಕೊನೆಗೆ ಒಂದು ಲೇಖನದಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತು. ಒತ್ತಬೇಕಿಲ್ಲ, ಬೆರಳು ಸೋಕಿದರೆ ಸಾಕು, ಬೆಲ್ ಕೂಗುತ್ತದೆ. ಕಾಫಿಪುಡಿ ಡಬ್ಬಿಯ ಮುಚ್ಚಳ ಕತ್ತರಿಸಿ, ಆ ತಗಡನ್ನು ಅಂಕಲ್ ಕೈಯಡಿಗೆ ಅಂಟಿಸಿದರು. ಹಿತ್ತಲಿನವರೆಗೆ ವೈರ್ ಎಳೆದು ಅಲ್ಲಿ ಬೆಲ್ ಕಟ್ಟಿದರು. "ಕರೆಂಟ್ ಹೋದ್ರೂ ಕೂಗ್ಬೇಕಲ್ವಾ? ಅದಕ್ಕೇ ಬ್ಯಾಟರಿ ಹಾಕಿದೀನಿ," ಎಂದು ನನಗೆ ತೋರಿಸಿದ್ದರು.

ಮೊದಲ ದಿನ ಅಂಕಲ್ ಬೆರಳು ತೆಗೆಯಲೇ ಇಲ್ಲ. "ಏನ್ರೀ, ಕರೀಲಿ ಅಂತ ಮಾಡ್ಕೊಟ್ರೆ ಆಟ ಆಡ್ತೀರಲ್ಲ," ಎಂದು ಆಂಟಿ ಗದರಿದರು. ಅಂಕಲ್ ಅರ್ಧ ಬಾಯಲ್ಲಿ ನಕ್ಕರು. ಆಮೇಲೆ ಆಂಟಿ ನಿಶ್ಚಿಂತೆಯಿಂದ ಹಿತ್ತಲಲ್ಲಿ ಬಟ್ಟೆ ಒಗೆಯತೊಡಗಿದರು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಇರಲಿಲ್ಲ. ಕೆಳಗಿನಿಂದ ಆಂಟಿಯ ಚೀರಾಟ ಕೇಳಿ ನಾನೂ ಅಮ್ಮನೂ ಓಡಿದೆವು. ಅಂಕಲ್ ಹೋಗಿಬಿಟ್ಟಿದ್ದರು. ಬೆಲ್ ಕೂಗಿರಲಿಲ್ಲ. ಬೆರಳು ತಗಡಿನ ಮೇಲೇ ಇತ್ತು... ಅದನ್ನು ನಾನು ಕಣ್ಣಾರೆ ಕಂಡೆನೋ, ಆಂಟಿ ಹೇಳಿಹೇಳಿ ಕಂಡಂತಾಗಿದೆಯೋ, ಈಗ ಬೇರ್ಪಡಿಸಲಾರೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ದಿನ ಮತ್ತೆ ಕರೆಂಟ್ ಹೋಯಿತು. ಆಂಟಿ ನನ್ನನ್ನು ಕೂಗಿ ಕರೆದರು. ಖಾಲಿ ಮಂಚದ ಮೇಲೆ ಕೂತು ತಗಡಿಗೆ ಬೆರಳಿಟ್ಟಿದ್ದರು. ಹೊಸ ಬ್ಯಾಟರಿ, ಆದರೂ ಸದ್ದಿಲ್ಲ.

"ಆಂಟಿ, ಅಂಕಲ್ ಮುಟ್ಟೇ ಇರ್ಲಿಲ್ವೇನೋ," ಎಂದೆ. ಅವರು ಬೆರಳು ತೆಗೆಯಲಿಲ್ಲ. ನಾವು ಹಾಗೇ ಕೂತಿದ್ದೆವು. ಎಷ್ಟೋ ಹೊತ್ತಾದ ಮೇಲೆ ತಲೆಯ ಮೇಲಿನ ಫ್ಯಾನ್ ತಿರುಗತೊಡಗಿತು. ಅದೇ ಕ್ಷಣ ಬೆಲ್ ಕಿರುಚಿತು.

ಮರುದಿನ ಅವರು ಮತ್ತೆ ಸೈಬರ್ ಸೆಂಟರ್‌ಗೆ ಹೋದರು. ಅದೇ ಲೇಖನದ ಕೆಳಗೆ ಓದುಗರೊಬ್ಬರು ಕಾರಣ ಬರೆದಿದ್ದರಂತೆ. "ಗೋಡೆ ಒಳಗಿನ ವೈರಲ್ಲಿ ಕರೆಂಟ್ ಇದ್ರೆ ಅದರ ಒಂಚೂರು ನಮ್ಮ ಮೈಗೂ ಬರತ್ತಂತೆ ಕಣೆ. ಬೆಲ್ಲಿಗೆ ಗೊತ್ತಾಗೋದು ಅದರಿಂದ್ಲೇ. ಅದಿಲ್ದೆ ಇದ್ರೆ ನಾವು ಮುಟ್ಟಿದ್ದು ಅದಕ್ಕೆ ಗೊತ್ತೇ ಆಗಲ್ವಂತೆ," ಎಂದರು. ಅಡುಗೆಯ ವಿಷಯ ಹೇಳುವಾಗಿನ ದನಿಯೇ ಅದು. ಪ್ರಿಂಟುಗಳನ್ನೆಲ್ಲ ಹಳೇ ಪೇಪರಿನ ಜೊತೆ ಹಾಕಿಬಿಟ್ಟರು. ತಗಡು ಮಾತ್ರ ಮಂಚಕ್ಕೆ ಅಂಟಿಕೊಂಡೇ ಇತ್ತು.

ವರ್ಷದೊಳಗೆ ನಾವು ಇಟ್ಟಮಡುವಿಗೆ ಮನೆ ಬದಲಿಸಿದೆವು. ಆಂಟಿ ತೀರಿಕೊಂಡದ್ದು ನನಗೆ ಬಹಳ ತಡವಾಗಿ ತಿಳಿಯಿತು. ಅವರ ಮನೆ ಇದ್ದಲ್ಲಿ ಈಗ ಫ್ಲ್ಯಾಟ್‌ಗಳಿವೆ.

ಸೋಲ್ಡರ್‌ನ ಹೊಗೆ ಆರುವ ಮುನ್ನವೇ ಅಂಗಡಿಯ ಹುಡುಗ ಫೋನ್ ಮುಂದೆ ಚಾಚಿದ. "ಟಚ್ ಒಂದ್ಸಲ ನೋಡ್ಕೊಳಿ ಮೇಡಂ."

ಬೆರಳಿಡಲು ತುಸು ತಡವಾಯಿತು. ಇಟ್ಟೆ. ಫೋನಿಗೆ ಗೊತ್ತಾಯಿತು.