ಅತ್ತೆ ಗುಡಿಸಿಟ್ಟ ಹೂವಿನ ಹೊಲ

ಕೊರೊನಾದ ಮೊದಲ ಲಾಕ್‌ಡೌನಿನಲ್ಲಿ ಬಾಬುರಾಯನಕೊಪ್ಪಲಿನ ನಮ್ಮ ಸೋದರತ್ತೆಯ ಚೆಂಡುಹೂ ಗಿಡದಲ್ಲೇ ಒಣಗಿತು. ದೇವಸ್ಥಾನ, ದರ್ಗಾ, ಮದುವೆ ಛತ್ರ ಎಲ್ಲವೂ ಮುಚ್ಚಿದ್ದವು. ಶ್ರೀರಂಗಪಟ್ಟಣದಿಂದ ದಿನವೂ ಗಾಡಿ ತರುತ್ತಿದ್ದ ಹೂವಿನ ಸಾಬರು ಫೋನ್ ಮಾಡಿ, ಕೊಯ್ಯಬೇಡಿ ಅಕ್ಕಾ, ಕೊಳ್ಳುವವರಿಲ್ಲ ಎಂದುಬಿಟ್ಟಿದ್ದರು.

ಮಾವನಿಗೆ ಹಳೆಯ ವಾದ ಗೆಲ್ಲಲು ಇದು ಒಳ್ಳೆಯ ಸಮಯ. ಉಳಿದ ಜಮೀನಿನಂತೆ ಅಲ್ಲಿಯೂ ಕಬ್ಬು ಹಾಕೋಣ ಎನ್ನುವುದು ಅವರ ಮಾತು. ಆ ಒಂದು ತುಂಡು ಹೊಲ ಹೂವಿಗೇ ಇರಲಿ ಎನ್ನುವುದು ಅತ್ತೆಯ ಹಟ. ಅಷ್ಟರಲ್ಲಿ ಸರ್ಕಾರ ಹೂ ಬೆಳೆಗಾರರಿಗೆ ಪರಿಹಾರ ಘೋಷಿಸಿತು. ನಮ್ಮ ಪತ್ರಿಕೆಗೆ ಆ ಸುದ್ದಿ ಬರೆದವನು ನಾನೇ. ಗಂಡ ಹೆಂಡತಿಯ ನಡುವೆ ಒಪ್ಪಂದವಾಯಿತು: ಪರಿಹಾರ ಬಂದರೆ ದಸರೆಗೆ ಮತ್ತೆ ಹೂವು, ಬರದಿದ್ದರೆ ಕಬ್ಬು.

ಬೆಳೆ ನೋಡಿ ಫೋಟೊ ತೆಗೆಯಲು ತೋಟಗಾರಿಕೆ ಅಧಿಕಾರಿ ಬರುತ್ತಾರೆಂದು ತಿಳಿದು ನಾನೂ ಹೋದೆ. ಹೊಲದ ಬಾಯಲ್ಲಿ ಸಗಣಿ ಸಾರಿಸಿ ರಂಗೋಲಿ ಬಿಟ್ಟಿತ್ತು. ಅದರಾಚೆ ಬರಿಯ ಕೆಂಪು ಮಣ್ಣು. ಒಂದು ಕಡ್ಡಿಯೂ ಇರಲಿಲ್ಲ.

ಹೂವೆಲ್ಲಿ ಎಂದು ಅಧಿಕಾರಿ ಕೇಳಿದರು.

‘ನೀವು ಬತ್ತೀರಿ ಅಂತ ಕೀಳಿಸ್ಬುಟ್ಟೆ ಸ್ವಾಮಿ,’ ಎಂದರು ಅತ್ತೆ. ‘ನೆಂಟ್ರು ಬತ್ತಾರೆ ಅಂದ್ರೆ ಮನೆ ಗುಡಿಸ್ದೆ ಇರಕಾಯ್ತದಾ?’

ಅಧಿಕಾರಿ ಮಾಸ್ಕ್ ಸರಿಮಾಡಿಕೊಂಡರು. ನಗು ಅಡಗಿಸಲು ಎಂದು ನನಗೆ ಈಗಲೂ ಅನಿಸುತ್ತದೆ. ಹಾಳಾದ ಬೆಳೆ ಕಾಣದೆ ಪರಿಹಾರಕ್ಕೆ ಬರೆಯುವುದು ಹೇಗೆಂದು ಮೆತ್ತಗೆ ವಿವರಿಸಿದರು. ಕಿತ್ತ ಗಿಡಗಳನ್ನಾದರೂ ನೋಡಿ ಎಂದು ಅತ್ತೆ ಅವರನ್ನು ತಿಪ್ಪೆಗೆ ಕರೆದೊಯ್ದರು. ಯಾರ ಹೊಲದ್ದೋ ಎಂದು ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಅವರು ಹಿಂದಿರುಗಿದರು. ಇನ್ನೊಮ್ಮೆ ಬರುವುದಾಗಿ ಮಾತ್ರ ಹೇಳಿದರು.

ಅಧಿಕಾರಿಯ ಬೈಕು ಮರೆಯಾದ ಮೇಲೆ ಮಾವ ಬಾಯಿಬಿಟ್ಟರು. ‘ಕಬ್ಬಿಗೆ ನೀನೇ ವಲ ಅಸನು ಮಾಡ್ಕೊಟ್ಟೆ ಕಣಮ್ಮಿ. ಕೂಲಿನೂ ನಿಂದೇ.’

ಅತ್ತೆ ನನ್ನತ್ತ ತಿರುಗಿ, ಪೇಪರಿನಲ್ಲಿ ಬರೆಯಲಾಗದೇ ಎಂದು ಕೇಳಿದರು. ಹೊಲದಲ್ಲಿ ಇಲ್ಲದ್ದನ್ನು ಪೇಪರಿನಲ್ಲಿ ಹಾಕಲಾಗುವುದಿಲ್ಲ ಎಂದೆ. ಅವತ್ತು ನನ್ನ ಕಾಫಿಗೆ ಸಕ್ಕರೆ ಬೀಳಲಿಲ್ಲ.

ಆಮೇಲೆ ರೋಹಿಣಿ ಮಳೆ ಹಿಡಿಯಿತು. ಎಳೆ ಬಿಸಿಲಿನಲ್ಲಿ ಹೊಲದ ಬದುವಿಗೆ ಹೋದ ಅತ್ತೆ ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಗಿಡಗಳು ನಿಂತಿದ್ದ ಸಾಲಿನುದ್ದಕ್ಕೂ, ಒಣಗಿ ಉದುರಿದ ಹೂವಿನ ಬೀಜ ಮೊಳೆತಿತ್ತು. ನಾನು ಹೋಗುವ ಹೊತ್ತಿಗೆ ಮಾವ ಕುಡುಗೋಲು ಹಿಡಿದು ಬದುವಿನ ಗರಿಕೆಗೆ ಬಗ್ಗಿದ್ದರು.

‘ಒಂದು ಎಸ್ಳು ಮುಟ್ಬುಟ್ಟೀರ, ಜ್ವಾಕೆ,’ ಎಂದರು ಅತ್ತೆ. ‘ಕಸ ಇದ್ರೆ ಇರ್ಲಿ.’

ಜೀವಮಾನದಲ್ಲಿ ಅವರು ಕಸದ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎರಡನೆಯ ಸಲ ಬಂದ ಅಧಿಕಾರಿ ಕುಕ್ಕರುಗಾಲಿನಲ್ಲಿ ಕೂತು ಒಂದು ಎಳೆ ಎಲೆ ಹೊಸಕಿದರು. ಮಾಸ್ಕ್ ಇಳಿಸಿ ಮೂಸಿ, ಮಾವನ ಮೂಗಿಗೂ ಹಿಡಿದರು. ಚೆಂಡುಹೂವಿನ ಘಾಟು. ಸಾಲಿಗೆ ಸಾಲು ಫೋಟೊ ತೆಗೆದರು. ಹೂವಿನ ಸಾಬರನ್ನೂ ಕರೆಸಿ, ಇದೇ ಹೊಲದಿಂದ ಹೂವು ಒಯ್ಯುತ್ತಿದ್ದರೆಂದು ಬರೆಸಿಕೊಂಡರು.

ಪರಿಹಾರ ಜಮೆಯಾದ ಮೆಸೇಜು ಬಂದದ್ದು ಮಾವನ ಫೋನಿಗೆ. ಅವರು ಅದನ್ನು ಅತ್ತೆಗೆ ಓದಿ ಹೇಳಲಿಲ್ಲ. ಅಂಗಿ ತೊಟ್ಟು, ಪೇಟೆಗೆ ಹೋಗುತ್ತೇನೆ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ಚಪ್ಪಲಿ ಮೆಟ್ಟುತ್ತಲೇ ಉತ್ತರಿಸಿದರು.

‘ಸಸಿ ಯೋಳ್ಬುಟ್ಟು ಬತ್ತೀನಿ. ಅಳದಿ ಊವಿಂದಾ, ಕೆಂಪಿಂದಾ? ಬಿರ್ನೆ ಯೋಳು.’

ಅತ್ತೆ ಎರಡೂ ಎಂದರು.