ಅಮ್ಮ ಹನ್ನೆರಡಕ್ಕೆ ಬರ್ತಾರೆ

ನಮ್ಮತ್ತಿಗೆ ಮಾರ್ಲೀಸ್ ಬೆಳಿಗ್ಗೆ ಒಂಬತ್ತರವರೆಗೆ ತಾಯಿ, ಆಮೇಲೆ ಟೀಚರ್. ಇಬ್ಬರು ಮಕ್ಕಳನ್ನೂ ಶಾಲೆಗೆ ಕಳಿಸದೆ ಊಟದ ಮೇಜಿನ ಮುಂದೆಯೇ ಕೂರಿಸಿ ಪಾಠ ಹೇಳುವ ಈಕೆ, ಕನ್ನಡಕ ಏರಿಸಿದಳೆಂದರೆ ಹೆತ್ತ ಮಕ್ಕಳ ಗುರುತನ್ನೂ ಹಿಡಿಯುವುದಿಲ್ಲ. ಕಿರಿಯವಳು ಗ್ರೆಟಾ "ಅಮ್ಮಾ, ಹಸಿವು" ಎಂದರೆ, "ನಿಮ್ಮಮ್ಮ ಹನ್ನೆರಡಕ್ಕೆ ಬರ್ತಾರೆ, ಅವರನ್ನೇ ಕೇಳು" ಎನ್ನುತ್ತಾಳೆ. ಹಿಮ ಬಿದ್ದು ಊರಿನ ಶಾಲೆಗೆ ರಜೆಯಾದರೆ ಇವಳೂ ರಜೆ ಸಾರುತ್ತಾಳೆ. "ಮಲಗೋ ಕೋಣೆಯಿಂದ ಮೇಜಿನ ತನಕ ದಾರಿ ಮುಚ್ಚಿದೆಯಾ ಅತ್ತಿಗೆ?" ಎಂದು ನಾನು ಕೇಳಿದರೆ, "ನಿಯಮ ಅಂದ್ರೆ ನಿಯಮ ಕಣೇ" ಎಂಬ ಉತ್ತರ. ಕ್ರಿಸ್‌ಮಸ್ ರಜೆಗೆ ಮುಂಚೆ ಪೋಷಕರ ಸಭೆಯಂತೂ ಆಗಲೇಬೇಕು. ನನ್ನಣ್ಣ ಕರ್ಟ್ ತಲೆ ಬಾಚಿಕೊಂಡು, ತನ್ನದೇ ಮನೆಯ ಬಾಗಿಲು ತಟ್ಟಿ ಒಳಗೆ ಬಂದು, ಗ್ರೆಟಾಳ ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕೂರಬೇಕು. "ನಿಮ್ಮ ಮಗ ಮಗ್ಗಿ ಹೇಳುವಾಗ ಕಿಟಕಿ ನೋಡ್ತಾನೆ." "ಅದು ಅವನ ತಾಯಿ ಕಡೆಯ ಗುಣ, ಟೀಚರ್." "ಸಭೆ ಮುಗೀತು, ಹೋಗಿ ಪಾತ್ರೆ ತೊಳೀರಿ." ಹಬ್ಬಕ್ಕೆ ರಿಜೈನಾ ನಗರದಿಂದ ನಮ್ಮಮ್ಮ ಬರುತ್ತಾಳೆ; ಮೊಮ್ಮಕ್ಕಳ ಬಾಯಲ್ಲಿ ಮಗ್ಗಿ ಹೇಳಿಸದೆ ಹಬ್ಬದೂಟದ ಟರ್ಕಿ ಕೋಳಿಗೆ ಚಾಕು ತಾಗಿಸಲು ಬಿಡುವವಳಲ್ಲ. ಈ ಸಲದ ಸಭೆ ಮುಗಿದು ಅಣ್ಣ ಪಾತ್ರೆಗಳತ್ತ ಹೋದ; ತಮಾಷೆ ನೋಡಲು ಬಂದಿದ್ದ ನಾನೂ ಮನೆಗೆ ಹೊರಟೆ. ಮರೆತ ಕೈಗವಸಿಗಾಗಿ ನಾನು ವಾಪಸು ಬಂದಾಗ, ಅತ್ತಿಗೆ ಕನ್ನಡಕ ತೆಗೆದು ಟೀಚರ್ ಕುರ್ಚಿಯ ಮೇಲಿಟ್ಟು, ತಾನು ಎದುರಿನ ಪುಟ್ಟ ಕುರ್ಚಿಯಲ್ಲಿ ಮುದುಡಿ ಕೂತಿದ್ದಳು. "ನಿಜ ಹೇಳಿ ಟೀಚರ್," ಎಂದು ಆ ಕನ್ನಡಕವನ್ನು ಕೇಳುತ್ತಿದ್ದಳು, "ನನ್ನ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದಿಲ್ಲ ತಾನೇ?"